ಗಾಲಿಕುರ್ಚಿಗೆ ಉಡಿ ತುಂಬಿದ ದಿನ

ನಮ್ಮೂರಿನಲ್ಲಿ ಬಡಿಗೇರರು ಬಣ್ಣದ ಡಬ್ಬಿ ಮುಟ್ಟುವುದಿಲ್ಲ. ಕಟ್ಟಿಗೆ ಕೆತ್ತಿ, ಕೀಸಿ, ಕೂಡಿಸಿ, ಕೊನೆಗೆ ಕೊಡತಿಯಿಂದ ಒಮ್ಮೆ ಕುಟ್ಟಿ, ಅದು ಏನು ಅನ್ನುವುದನ್ನು ಗಟ್ಟಿಯಾಗಿ ಕೂಗಿದರೆ ಮುಗಿಯಿತು. ‘ಬಾಗಿಲು’ ಅಂದರೆ ಬಾಗಿಲಿನ ಬಣ್ಣ, ‘ಮಂಚ’ ಅಂದರೆ ಮಂಚದ ಬಣ್ಣ, ಕೂಗಿದ ಬಾಯಿ ಮುಚ್ಚುವುದರೊಳಗೆ ತಾನೇ ಮೈಗೇರುತ್ತದೆ. ಊರ ನಡುವಿನ ಚಾವಡಿಯಲ್ಲಿ ಒಂದೊಂದು ಬಗೆಯ ವಸ್ತುವಿಗೂ ಒಬ್ಬೊಬ್ಬ ತಾಯಿ ಇದ್ದಾಳೆ. ತಾಯಿಬಾಗಿಲು, ತಾಯಿಮಂಚ, ತಾಯಿಕುರ್ಚಿ, ಒಂದು ಮೂಲೆಯಲ್ಲಿ ತಾಯಿಲಟ್ಟಣಿಗೆ ಕೂಡ. ತಾಯಿಗೆ ಏನು ಹಚ್ಚಿದರೋ ಊರಿನಲ್ಲಿರುವ ಅವಳ ಮಕ್ಕಳಿಗೆಲ್ಲ ಅದೇ. ಹಚ್ಚುವವರು ಚಾವಡಿಯ ಚನ್ನಯ್ಯನವರೊಬ್ಬರೇ. ಯಾವ ಬಣ್ಣ ಅನ್ನುವುದಕ್ಕೆ ವರ್ಷಕ್ಕೊಮ್ಮೆ ಸಭೆ ಸೇರುತ್ತದೆ, ಆ ಸಭೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಮುಂದಿನ ಸಭೆಯ ಹೊತ್ತಿಗೆ ಮತ್ತೆ ಮಾತಾಡುತ್ತಾರೆ.

ಚಾವಡಿಯಲ್ಲಿ ತಾಯಿ ಇಲ್ಲದ ಹೆಸರನ್ನು ಕೂಗಿದರೆ ಮಾತ್ರ ಫಜೀತಿ. ವಸ್ತು ಎಲ್ಲೂ ಹೋಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಅಂಥ ಹೆಸರು ಹೊತ್ತು ಹೊರಗಿನಿಂದ ಬಂದ ವಸ್ತುವಿಗೂ ಇದೇ ಗತಿ. ಹಿಂದೆ ಯಾರದೋ ಮದುವೆಗೆ ಪರವೂರಿನ ಬೀಗರು ಕೊಡೆ ಹಿಡಿದುಕೊಂಡು ಬಂದಿದ್ದರಂತೆ. ಊರ ಗಡಿ ದಾಟಿದ್ದೇ ತಡ, ಕೊಡೆಗಳೆಲ್ಲ ಮಾಯ. ಮುಷ್ಟಿ ಎತ್ತಿಕೊಂಡು ಸಾಲಾಗಿ ಬರುತ್ತಿದ್ದ ಬೀಗರನ್ನು ಕಂಡು ನಮ್ಮವರು ಇವರು ಜಗಳಕ್ಕೇ ಬಂದರು ಅಂದುಕೊಂಡು ತೋಳೇರಿಸಿ ನಿಂತರಂತೆ. ಆಮೇಲೆ ಚಾವಡಿಯಲ್ಲಿ ತಾಯಿಕೊಡೆ ನಿಲ್ಲಿಸಿದರು. ಅದಾದ ಮೇಲೆ ಹೊಸ ತಾಯಿಯನ್ನು ನಿಲ್ಲಿಸುವ ಪ್ರಸಂಗ ನಮ್ಮೂರಿಗೆ ಬಂದಿರಲಿಲ್ಲ, ನಾನು ತರುವವರೆಗೆ.

ನಾನು ನಿಂಬೆವ್ವ. ಅಪ್ಪನ ಕೈಯಿಂದ ಉಳಿ ಇಸಿದುಕೊಂಡವಳು. ನನ್ನ ಕೆಲಸ ಚಂದ ಅಂತ ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಅಂತ ಕಾದು ಕೂತರೆ ನಮ್ಮೂರಲ್ಲಿ ಆಯುಷ್ಯ ಸಾಲದು. ನನ್ನ ಅಕ್ಕ ದ್ಯಾಮವ್ವನಿಗೆ ಅಂಥ ಕಷ್ಟ ಇರಲಿಲ್ಲ, ಅವಳನ್ನು ಊರೇ ಹೊಗಳುತ್ತಿತ್ತು. ಮೆಣಸಿನಕಾಯಿ ಪೇಟೆಯಲ್ಲಿ ಖಾರ ನೋಡುವವಳು ಅವಳು. ಒಂದು ಕಾಯಿ ಮುರಿದು, ಮೂಗಿಗೆ ಹಿಡಿದು, ನಾಲಿಗೆಯ ತುದಿಗೆ ಮುಟ್ಟಿಸಿ, ಯಾವ ರಾಶಿ ಯಾವ ದರ್ಜೆಯದು ಅಂತ ಹೇಳುವಳು. ಅವಳು ಹೇಳಿದ ಮೇಲೆಯೇ ಹರಾಜಿನ ಸವಾಲು ಶುರು. ಪೇಟೆಯ ನಡುವೆ ಖಾರ ನೋಡುವವಳಿಗೆಂದೇ ಒಂದು ಕಲ್ಲಿನ ಕಟ್ಟೆ ಇದೆ. ಅಕ್ಕ ಅದರ ಮೇಲೆ ಕಾಲು ಮಡಚಿ ಕೂತಳೆಂದರೆ ಎಂಥ ದಲಾಲಿಯೂ ದನಿ ಇಳಿಸಿ ಮಾತಾಡುತ್ತಿದ್ದ.

ಹೋದ ಹಂಗಾಮು ಮುಗಿದ ಮೇಲೆ ಉಗ್ರಾಣದ ಅಟ್ಟದಿಂದ ಬಿದ್ದಳು. ಸೊಂಟದ ಕೆಳಗೆ ಜೀವ ಬರಲೇ ಇಲ್ಲ. ವೈದ್ಯರು ಕೈಚೆಲ್ಲಿದರು. ಅಕ್ಕ ಅಳಲಿಲ್ಲ, ಮಾತು ಕಡಿಮೆ ಮಾಡಿದಳು. ನನಗೆ ಅದೇ ತಡೆಯದಾಯಿತು. ಪೇಟೆ ತೆರೆಯುವ ದಿನ ಖಾರ ನೋಡುವವಳು ಹಾಜರಿರಲೇಬೇಕು. ಯಜಮಾನ ಕೂಗಿದಾಗ ಓ ಅನ್ನದಿದ್ದರೆ ಕಟ್ಟೆ ಬೇರೆಯವರಿಗೆ ಹೋಗುತ್ತದೆ. ಅಕ್ಕನ ಹತ್ತಿರವೇ ಕಲಿತ ಪಾರವ್ವ ಆಗಲೇ ಸೀರೆ ಇಸ್ತ್ರಿ ಮಾಡಿಟ್ಟುಕೊಂಡಿದ್ದಾಳೆ ಅಂತ ಸುದ್ದಿ.

‘ನಾಕ್ ಮಂದಿ ಕೂಡಿ ಹೊತ್ಕೊಂಡ್ ಹೋಗಿ ಕಟ್ಟಿ ಮ್ಯಾಲ ಕುಂದರಸ್ತೀವಿ, ಆತಿಲ್ಲೊ?’ ಅಂದೆ.

‘ನಾ ಏನ್ ಹೆಣಾ ಏನ, ಹೊತ್ಕೊಂಡ್ ಹೋಗಾಕ?’ ಅಂದಳು ಅಕ್ಕ. ‘ಹೋದ್ರ ನನ್ನಷ್ಟಕ್ಕ ನಾ ಹೋಗ್ಬೇಕು ನಿಂಬಿ. ಇಲ್ಲಂದ್ರ ಪಾರವ್ವನ ಕುಂದರ್ಲಿ.’

ಆ ಮಾತಿಗೆ ನಾನು ಗಾಲಿ ಇರುವ ಕುರ್ಚಿ ಕೆತ್ತಿದೆ. ಕೈಯಿಂದ ತಳ್ಳಿದರೆ ಮುಂದೆ, ಎಳೆದರೆ ಹಿಂದೆ. ಕೂತವರೇ ತಿರುಗಿಸಿಕೊಳ್ಳಬೇಕು, ಹಿಂದೆ ಯಾರೂ ಬೇಡ. ಓಣಿಯವರನ್ನೆಲ್ಲ ಅಂಗಳಕ್ಕೆ ಕರೆದು, ಅಕ್ಕನನ್ನು ಬಾಗಿಲಲ್ಲಿ ಕೂರಿಸಿ, ಕೊಡತಿ ಎತ್ತಿ ಕುಟ್ಟಿ, ‘ಗಾಲಿಕುರ್ಚಿ!’ ಅಂತ ಕೂಗಿದೆ. ಗಾಲಿ ಇದ್ದರೂ ಕುರ್ಚಿಯೇ ಅಲ್ಲವೇ, ತಾಯಿಕುರ್ಚಿ ಸಾಕು ಅಂದುಕೊಂಡಿದ್ದೆ. ಕುರ್ಚಿ ಮಾಯವಾಯಿತು.

ಹಿಂದಿನಿಂದ ಒಬ್ಬ, ‘ನಿಂಬೆವ್ವಾ, ಸ್ವಲ್ಪ ತೆಳ್ಳಗ ಕೀಸೀಯೇನ ಅಂತ!’ ಅಂದ. ಅಂಗಳ ಬಿದ್ದು ಬಿದ್ದು ನಕ್ಕಿತು. ನನ್ನ ಮೈಯೆಲ್ಲ ಉರಿಯಿತು. ಆದರೂ ಅಕ್ಕನನ್ನು ಎತ್ತಿ, ತಡಕಾಡಿ, ಕೂರಿಸಿದೆ. ಅಕ್ಕ ಗಾಳಿಯಲ್ಲಿ ಕೂತ ಹಾಗೆ ಕೂತು, ಅಂಗಳವನ್ನು ಒಂದು ಸುತ್ತು ಹಾಕಿದಳು. ಬಿದ್ದ ದಿನದಿಂದ ನಾನು ಅವಳ ಹಲ್ಲು ಕಂಡದ್ದು ಅವತ್ತೇ. ಅಷ್ಟರಲ್ಲಿ ಕೊಡ ಹೊತ್ತು ಬರುತ್ತಿದ್ದ ಪಕ್ಕದ ಮನೆಯವಳು ಕಾಣದ ಗಾಲಿಗೆ ಎಡವಿ, ಕೊಡ ಒಂದು ಕಡೆ ಅವಳೊಂದು ಕಡೆ ಆದರು. ಪೇಟೆ ಯಜಮಾನ ಗೂಳಪ್ಪ ಅಲ್ಲೇ ನಿಂತಿದ್ದ. ‘ತಂಗೀ, ಕಾಣದ ವಸ್ತು ಪ್ಯಾಟಿ ಒಳಗ ಬ್ಯಾಡ. ಎತ್ತಿನ ಬಂಡಿ ತಿರುಗೂ ಜಾಗಾ ಅದು. ನಿಮ್ಮಕ್ಕನ ಜೀವಕ್ಕ ಅಪಾಯ,’ ಅಂದ. ಅವನ ಮಾತು ತಪ್ಪಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

ಹೆಸರಿನದೇ ತೊಂದರೆ ಅಂದುಕೊಂಡು ಮರುದಿನ ಮತ್ತೆ ಕುಟ್ಟಿ ‘ಕುರ್ಚಿ’ ಅಂತ ಕೂಗಿದೆ. ಥಟ್ಟನೆ ಕಂಡಿತು. ಎಲೆಹಸಿರು ಮೈ, ಬೆನ್ನ ಮೇಲೆ ಹಳದಿ ಬಳ್ಳಿ, ಆ ವರ್ಷದ ಊರ ಕುರ್ಚಿಗಳ ಹಾಗೆಯೇ. ಆದರೆ ಗಾಲಿ ಇದ್ದಲ್ಲಿ ಮೊಂಡು ಕಾಲು ಬಂದು ನಿಂತಿದ್ದವು. ನೂಕಿದರೆ ಕಿರ್ ಅನ್ನುತ್ತಿತ್ತೇ ಹೊರತು ಅಲ್ಲಾಡಲಿಲ್ಲ. ಬರೀ ಕುರ್ಚಿ ಅಂದರೆ ತಾಯಿಕುರ್ಚಿ ತನ್ನ ಕಾಲನ್ನೇ ಕೊಡುತ್ತಾಳೆ, ಪಾಪ ಅವಳಿಗೆ ಗಾಲಿ ಗೊತ್ತಿಲ್ಲವಲ್ಲ. ತಿರುಗಿ ‘ಗಾಲಿಕುರ್ಚಿ’ ಅಂದೆ. ತಡಕಿದರೆ ಗಾಲಿ ಬಂದಿದ್ದವು, ಆದರೆ ಕುರ್ಚಿ ಮತ್ತೆ ಕಾಣಿಸಲಿಲ್ಲ. ಚನ್ನಯ್ಯನವರ ಕಣ್ಣು ತಪ್ಪಿಸಿ ಒಂದಿಷ್ಟು ಬಣ್ಣ ತಂದು ಕಾಣದ ಮೈಗೇ ಹಚ್ಚಿದೆ. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬಂತು. ಅಕ್ಕನ ಸೀರೆಯೆಲ್ಲ ಹಸಿರು.

‘ಬಿಡ ನಿಂಬಿ, ಸಾಕು,’ ಅಂದಳು ಅಕ್ಕ.

‘ನೀ ಸುಮ್ಮನಿರು!’ ಅಂತ ಅವಳ ಮೇಲೆಯೇ ಹರಿಹಾಯ್ದೆ. ಸೋಲು ಅಂದರೆ ನನಗೆ ಆಗಿಬರುವುದಿಲ್ಲ.

ಕೂತು ಯೋಚಿಸಿದೆ. ವಸ್ತು ತನ್ನ ಹೆಸರಿನ ತಾಯಿಯನ್ನು ಹುಡುಕುತ್ತದೆ. ಗಾಲಿಕುರ್ಚಿ ಅನ್ನುವ ತಾಯಿ ಇಲ್ಲ. ಹಾಗಾದರೆ ನಿಲ್ಲಿಸಿದರಾಯಿತು! ಚಾವಡಿಯಲ್ಲಿ ತಾಯಿಕುರ್ಚಿಯ ಎದುರು ಕೂತು, ಅವಳನ್ನು ಅಳೆದು, ಗೆರೆಗೆ ಗೆರೆ ಹೊಂದುವ ಹಾಗೆ ಮತ್ತೊಂದು ಕುರ್ಚಿ ಕೆತ್ತಿ ಗಾಲಿ ಕೂಡಿಸಿದೆ. ಚನ್ನಯ್ಯನವರು ಅನುಮತಿ ಕೊಟ್ಟು ಬಣ್ಣವನ್ನೂ ಕೊಟ್ಟರು. ನಾನೇ ಹಸಿರು ಬಳಿದು, ನಾನೇ ಹಳದಿ ಬಳ್ಳಿ ಬರೆದೆ. ಎಲೆಯ ನರ ಕೂಡ ಬಿಡಲಿಲ್ಲ. ದೀಪ ಹಚ್ಚಿ ತಾಯಿಗಾಲಿಕುರ್ಚಿ ಅಂತ ಕೂಗಿದ್ದೇ, ಅತ್ತ ನಮ್ಮ ಮನೆಯಿಂದ ಅಕ್ಕನ ಕೂಗು ಕೇಳಿತು. ಓಡಿ ಹೋಗಿ ನೋಡಿದರೆ, ಹಸಿರು ಗಾಲಿಕುರ್ಚಿಯಲ್ಲಿ ಅಕ್ಕ ಕೂತು ಬಳ್ಳಿಯ ಮೇಲೆ ಕೈಯಾಡಿಸುತ್ತಿದ್ದಳು. ನಾನು ಓಣಿಯ ಒಂದೊಂದು ಬಾಗಿಲು ಬಡಿದು ಹೇಳಿ ಬಂದೆ. ತೆಳ್ಳಗೆ ಕೀಸಿದ್ದೀ ಅಂದವನ ಮನೆಗೆ ಇನ್ನೊಮ್ಮೆಯೂ ಹೋಗಿ ಬಂದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದು ನನ್ನ ದಡ್ಡತನ. ಪೇಟೆ ತೆರೆಯುವ ದಿನವೇ ನಮ್ಮಲ್ಲಿ ಬಣ್ಣ ಬದಲಾಗುವ ದಿನ. ಈ ಸಲ ಸಭೆಯಲ್ಲಿ ಕುಂಕುಮದ ಕೆಂಪು ಗೆದ್ದಿತ್ತು. ಬೆಳಿಗ್ಗೆ ಚನ್ನಯ್ಯನವರು ಒಬ್ಬೊಬ್ಬ ತಾಯಿಗೆ ಹಚ್ಚುತ್ತಾ ಹೋದ ಹಾಗೆ ಊರಿನಲ್ಲಿ ಬಾಗಿಲು, ಬುಟ್ಟಿ, ಬಂಡಿ, ತಕ್ಕಡಿ ಎಲ್ಲ ಕೆಂಪಾದವು. ನಮ್ಮ ಮನೆಯ ಕುರ್ಚಿಗಳೂ ಕೆಂಪು. ಅಕ್ಕ ಕೂತ ಗಾಲಿಕುರ್ಚಿ ಮಾತ್ರ ಹಸಿರು, ಹೋದ ವರ್ಷದ ಹಸಿರು. ಅದರ ತಾಯಿಯ ಗೊಡವೆಗೇ ಚನ್ನಯ್ಯನವರು ಹೋಗಿರಲಿಲ್ಲ, ತಾಯಿಕುರ್ಚಿಗೆ ಹಚ್ಚಿದರೆ ಸಾಕು ಅಂತ ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಪೇಟೆಯ ಬಾಗಿಲಲ್ಲಿ ಗೂಳಪ್ಪ ಕೈ ಅಡ್ಡ ಹಿಡಿದ. ‘ಹಳೇ ಬಣ್ಣ ಒಳಗ ಬಿಡೂದಿಲ್ಲ ದ್ಯಾಮವ್ವ, ನಿನಗ ಗೊತ್ತಿದ್ದದ್ದ ಐತಿ. ಹೋದ ವರ್ಷದ ಬುಟ್ಟಿಯಾಗ ಹೋದ ವರ್ಷದ ಮಾಲು ತುಂಬಿ ಹೊಸಾದು ಅಂತ ಮಾರತಾರಂತ, ಈ ಕಟ್ಟಳೆ ಬೇಕು ಅಂದಾಕಿ ನೀನ.’

ಒಳಗಿನಿಂದ ಹೊಸ ಕಾಯಿಯ ಘಮ ಬರುತ್ತಿತ್ತು. ಅಕ್ಕನ ಮೂಗು ಅರಳಿದ್ದು ಕಂಡಿತು ನನಗೆ. ‘ಬಾಕಿ ಪೂಜಿ ಮುಗಿಯೂತನಕ ಕಾಯ್ತೀನಿ,’ ಅಂದ ಗೂಳಪ್ಪ. ‘ಆಮ್ಯಾಲ ಕೂಗಾಕ ಬೇಕು.’

‘ಚನ್ನಯ್ಯಜ್ಜನ್ನ ಕೇಳಿ ಕೆಂಪು ಹಚ್ಚಿ ಬರ್ತೀನಿ, ಅಷ್ಟ ಹೌದಿಲ್ಲೊ?’ ಅಂದೆ.

‘ಈ ವರ್ಷ ಹಚ್ಚತಿ. ಮುಂದಿನ ವರ್ಷ?’ ಅಂದಳು ಅಕ್ಕ. ‘ನಡಬರಕ ಬಣ್ಣ ಬದಲಾದ್ರ? ನೀ ಊರಾಗ ಇಲ್ದಾಗ ಆದ್ರ? ಪ್ರತಿ ಸಲಾನೂ ನಾ ಬಾಗಲದಾಗ ಕುಂತು ನಿನ್ನ ದಾರಿ ಕಾಯಬೇಕೇನು?’

ಹೌದು ಅನ್ನಿಸಿತು. ಇಬ್ಬರೂ ಚಾವಡಿಗೆ ಬಂದೆವು, ಅಕ್ಕ ತನ್ನ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ಮೆಟ್ಟಿಲ ಪಕ್ಕದ ಇಳಿಜಾರು ಹತ್ತಿ. ಮೆಟ್ಟಿಲ ಬಳಿ ಒಬ್ಬ ಬಾಣಂತಿ ತೊಟ್ಟಿಲು ತೂಗುತ್ತಿದ್ದಳು. ಕೆಂಪು ತೊಟ್ಟಿಲು. ನೋಡುತ್ತಾ ನಿಂತೆ. ಚನ್ನಯ್ಯನವರು ಕೈ ತೊಳೆದುಕೊಳ್ಳುತ್ತಿದ್ದರು.

‘ಅಜ್ಜಾರ, ತಾಯಿತೊಟ್ಟಲಕ್ಕ ಯಾವಾಗ ಹಚ್ಚಿದ್ರಿ?’

‘ತೊಟ್ಟಲಕ್ಕ ನಾ ಹಚ್ಚೂದ ಇಲ್ಲವಾ. ಮಂಚಕ್ಕ ಹಚ್ಚಿದ್ರ ಅದಕ್ಕ ತಾನ ಬರ್ತೈತಿ. ನಮ್ಮಪ್ಪನ ಕಾಲದಿಂದನೂ ಹಂಗ.’

ನನ್ನ ಕಿವಿ ನೆಟ್ಟಗಾದವು. ತೊಟ್ಟಿಲಿಗೂ ಬೇರೆ ತಾಯಿ ಇದ್ದಾಳೆ, ಗಾಲಿಕುರ್ಚಿಗೂ ಬೇರೆ ತಾಯಿ ಇದ್ದಾಳೆ. ಅವಳಿಗೆ ಬಂದದ್ದು ಇವಳಿಗೆ ಯಾಕೆ ಬರಲಿಲ್ಲ? ತಾಯಿತೊಟ್ಟಿಲನ್ನು ಮೇಲೆ ಕೆಳಗೆ ನೋಡಿದೆ, ಹಲಗೆ ತಟ್ಟಿದೆ, ಕೀಲು ಮುಟ್ಟಿದೆ. ತೊಟ್ಟಿಲ ಮಡಿಲಲ್ಲಿ ಒಂದು ಹಳೆಯ ಗಂಟು ಕಟ್ಟಿತ್ತು. ‘ಮಕ್ಕಳಾಗಲಿ ಅಂತ ಯಾರೋ ಹರಕಿ ಕಟ್ಟ್ಯಾರ, ಮುಟ್ಟಬ್ಯಾಡ,’ ಅಂದರು ಚನ್ನಯ್ಯನವರು. ನಾನು ಮುಟ್ಟಿದೆ. ಕುಪ್ಪಸದ ಖಣದ ಬಟ್ಟೆ. ಒಳಗೆ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಉತ್ತತ್ತಿ, ಕೊಬ್ಬರಿ ಬಟ್ಟಲು. ಅದೇ ಖಣದ ಇನ್ನರ್ಧ ತಾಯಿಮಂಚದ ಕಾಲಿಗೆ ಸುತ್ತಿತ್ತು.

‘ಹರಕಿ ಅಲ್ರಿ ಇದು,’ ಅಂದೆ. ‘ಉಡಿ! ತವರಿನಿಂದ ಮಗಳಿಗೆ ತುಂಬಿದ ಉಡಿ!’

ಆದರೆ ಅನ್ನಿಸಿದ್ದೆಲ್ಲ ನಿಜವೇ? ಒಂದು ಸಲ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಚನ್ನಯ್ಯನವರು ‘ಏ ಏ ಏ’ ಅನ್ನುವುದರೊಳಗೆ ಗಂಟನ್ನು ಬಿಚ್ಚಿ ಕೈಗೆ ತೆಗೆದುಕೊಂಡೆ. ಮೆಟ್ಟಿಲ ಬಳಿ ಬಾಣಂತಿ ಕಿಟಾರನೆ ಕಿರುಚಿದಳು. ಅವಳ ಕೂಸು ಗಾಳಿಯಲ್ಲಿ ಅಂಗಾತ ಮಲಗಿ ಕಾಲು ಬಡಿಯುತ್ತಿತ್ತು. ತೊಟ್ಟಿಲಿನದೆಂದು ಕಾಣುತ್ತಿದ್ದದ್ದು ತೂಗುವ ಹಗ್ಗ, ಗಿಲಕಿ, ಅಷ್ಟೇ. ಓಣಿ ಓಣಿಯಿಂದಲೂ ‘ಅಯ್ಯಯ್ಯೋ ನನ್ನ ಕೂಸ’ ಅಂತ ಬೊಬ್ಬೆ ಎದ್ದಿತು. ಗಂಟನ್ನು ತಿರುಗಿ ತೊಟ್ಟಿಲ ಮಡಿಲಿಗೆ ಇಟ್ಟೆ, ತೊಟ್ಟಿಲುಗಳು ಬಂದವು. ಆ ಕೂಸು ನಗುತ್ತಿತ್ತು. ಅದರ ತಾಯಿ ನನಗೆ ಅಂದ ಮಾತುಗಳನ್ನು ಇಲ್ಲಿ ಹೇಳುವ ಹಾಗಿಲ್ಲ. ಅನ್ನಿಸಿಕೊಂಡೆ. ನನಗೆ ಬೇಕಾದದ್ದು ಸಿಕ್ಕಿತ್ತು.

ಅಕ್ಕ ಅವತ್ತು ಪೇಟೆಯ ಪೂಜೆಗೆಂದು ಹೊಸ ಖಣವನ್ನೂ ಉಡಿಯ ಸಾಮಾನನ್ನೂ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹಿಂದೆಮುಂದೆ ನೋಡದೆ ಖಣವನ್ನು ಹಲ್ಲಿನಿಂದ ಕಚ್ಚಿ ಎರಡು ಮಾಡಿ ಹರಿದಳು. ಒಂದನ್ನು ತಾಯಿಕುರ್ಚಿಯ ಕಾಲಿಗೆ ಸುತ್ತಿದಳು. ಇನ್ನೊಂದರಲ್ಲಿ ಅಕ್ಕಿ, ಅರಿಶಿನ, ಅಡಿಕೆ, ಉತ್ತತ್ತಿ, ಕೊಬ್ಬರಿ ಇಟ್ಟು, ತಾಯಿಕುರ್ಚಿಗೆ ಮುಟ್ಟಿಸಿ, ‘ಈಕಿ ನಿನ್ನ ಮಗಳವ್ವ, ಬ್ಯಾರೆ ಅಲ್ಲ,’ ಅನ್ನುತ್ತಾ ತಾಯಿಗಾಲಿಕುರ್ಚಿಯ ಮಡಿಲಿಗೆ ಕಟ್ಟಿದಳು. ನಮ್ಮ ಅವ್ವ ಹೋದ ಮೇಲೆ ನಮ್ಮಿಬ್ಬರಿಗೂ ಉಡಿ ತುಂಬಿದವರು ಯಾರೂ ಇರಲಿಲ್ಲ.

ಕಾದೆವು. ಏನೂ ಆಗಲಿಲ್ಲ. ಹಸಿರು ಹಸಿರಾಗಿಯೇ ಇತ್ತು.

ಪೇಟೆಯ ಕಡೆಯಿಂದ ಪೂಜೆಯ ಜಾಗಟೆ ಕೇಳಿಸತೊಡಗಿತು. ಚನ್ನಯ್ಯನವರು ತಲೆ ಅಲ್ಲಾಡಿಸಿದರು. ನಾನು ಹೆಗಲ ಚೀಲದ ಕೊಡತಿ ಬಿಸಾಕಿ, ಆ ಮರಕ್ಕೆ, ಆ ಬಣ್ಣಕ್ಕೆ, ಊರಿಗೆ, ನನ್ನ ಹಣೆಬರಹಕ್ಕೆ ಬಾಯಿಗೆ ಬಂದ ಹಾಗೆ ಬೈದೆ. ಅಕ್ಕ ನನ್ನ ಕೈ ಹಿಡಿದಳು.

‘ಬೈಯೂದ ಆಮ್ಯಾಲ. ತೊಟ್ಟಲಾ ಮಾಯ ಆದಾಗ ಏನೇನ್ ಉಳಿದಿತ್ತು, ಹೇಳು.’

‘ಹಗ್ಗ. ಗಿಲಕಿ.’

‘ಅಂದ್ರ ತೊಟ್ಟಲಾ ತನ್ನದು ಅಂತ ಇಟಗೊಂಡದ್ದು ಅಷ್ಟ. ಉಳಿದದ್ದೆಲ್ಲಾ ತವರಿಂದ. ನಮ್ಮಾಕಿ ಮೈಮ್ಯಾಲ ನೀ ಏನೇನ್ ಹಚ್ಚೀದಿ?’

ಏನು ಹಚ್ಚಿಲ್ಲ ಅಂತ ಕೇಳಬೇಕಿತ್ತು. ಹಸಿರು ನನ್ನದು, ಬಳ್ಳಿ ನನ್ನದು, ಎಲೆಯ ನರ ನನ್ನದು. ತಾಯಿ ಕೊಡಬೇಕಾದದ್ದನ್ನೆಲ್ಲ ನಾನೇ ಕೊಟ್ಟು ಮಗಳ ಮಡಿಲು ಭರ್ತಿ ಮಾಡಿಬಿಟ್ಟಿದ್ದೆ. ಇನ್ನು ತವರಿನಿಂದ ಬಂದದ್ದು ಕೂರುವುದೆಲ್ಲಿ? ಮಗಳ ಮೈಮೇಲೆ ಬೇರೆಯವರು ಕೈಯಾರೆ ಹಚ್ಚಿದ್ದು ಇರುವವರೆಗೂ ತಾಯಿಯ ಬಣ್ಣ ಹತ್ತಿರ ಸುಳಿಯುವುದಿಲ್ಲ.

ನನ್ನ ಜೀವಮಾನದಲ್ಲಿ ಅಷ್ಟು ಚಂದದ ಬಳ್ಳಿ ನಾನು ಬರೆದಿರಲಿಲ್ಲ. ಚೀಲದಿಂದ ಕೀಸುಳಿ ತೆಗೆದುಕೊಂಡೆ. ಮೊದಲ ಎಳೆತಕ್ಕೆ ಹಳದಿ ಎಲೆಯೊಂದು ಸುರುಳಿಯಾಗಿ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಿ ಸೆರಗಿನ ತುದಿಗೆ ಕಟ್ಟಿಕೊಂಡೆ, ಸುಳ್ಳು ಯಾಕೆ ಹೇಳಲಿ. ಎರಡನೆಯ ಎಳೆತಕ್ಕೆ ಬಿದ್ದದ್ದನ್ನು ಹೆಕ್ಕಲಿಲ್ಲ. ಆಮೇಲೆ ಹಟವೇ ಬಂತು. ಬೆನ್ನು, ತೋಳು, ಕೂರುವ ಹಲಗೆ, ಒಂದೊಂದನ್ನೂ ಬಿಳಿ ಕಟ್ಟಿಗೆ ಕಾಣುವ ತನಕ ಕೀಸಿದೆ. ಚನ್ನಯ್ಯನವರು ಎದುರು ಕೂತು ಮೂಲೆಗಳನ್ನು ಉಳಿಯಿಂದ ಕೆರೆದರು. ಗಾಲಿಗಳನ್ನು ಮಾತ್ರ ನಾನು ಮುಟ್ಟಲಿಲ್ಲ, ಅವು ಅವಳವೇ. ಕಡೆಯ ಹಸಿರು ಚೂರು ತೋಳಿನ ಕೆಳಗೆ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಎಬ್ಬಿಸಿದೆ.

ಕೆಂಪು ಬಂತು! ಗಾಲಿಯ ಮೇಲಿನ ಹಲಗೆಯಿಂದ ಏರುತ್ತಾ ಏರುತ್ತಾ ಬಂತು. ಚಾವಡಿಯ ತಾಯಿಗೆ ಏರಿದ ಗಳಿಗೆಯಲ್ಲೇ ಅಕ್ಕ ಕೂತಿದ್ದ ಕುರ್ಚಿಗೂ ಏರಿತು. ಅವಳ ತೋಳಿನ ಕೆಳಗೆ, ಬೆನ್ನ ಹಿಂದೆ, ಕುಂಕುಮ ಕಲೆಸಿದ ಹಾಗೆ ಕೆಂಪು. ಗಾಲಿ ಗಾಲಿಯಾಗಿಯೇ ಇತ್ತು. ನಾನು ಕುಣಿದೆ, ಈ ವಯಸ್ಸಿನಲ್ಲಿ, ಚಾವಡಿಯ ನಡುವೆ. ‘ಅಜ್ಜಾರ, ಪರೀಕ್ಷಾ ಮಾಡ್ರಿ!’ ಅಂದೆ. ಚನ್ನಯ್ಯನವರು ಬೆರಳಿನಿಂದ ತಾಯಿಕುರ್ಚಿಯ ಹಣೆಗೆ ಒಂದು ಬಿಳಿ ಬೊಟ್ಟು ಇಟ್ಟರು. ಅಕ್ಕನ ಕುರ್ಚಿಯ ಬೆನ್ನಿನ ಮೇಲೆ, ಅವಳ ತಲೆಯ ಹಿಂದೆ, ಬಿಳಿ ಬೊಟ್ಟು ಮೂಡಿತು. ಇನ್ನು ಯಾರ ದಾರಿಯನ್ನೂ ಕಾಯಬೇಕಾಗಿರಲಿಲ್ಲ.

ಅಕ್ಕ ನನಗಾಗಿ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಗಾಲಿ ಬಿಟ್ಟುಕೊಂಡು ಹೊರಟೇಬಿಟ್ಟಳು, ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಪೇಟೆಯೊಳಗೆ ಗೂಳಪ್ಪ ಆಗಲೇ ಕೂಗುತ್ತಿದ್ದ: ‘ಖಾರ ನೋಡೂಕಿ ಯಾರವ್ವ?’ ಪಾರವ್ವ ಕಟ್ಟೆಯ ಮೇಲೆ ಒಂದು ಕಾಲು ಇಟ್ಟಿದ್ದಳು.

‘ಓ!’ ಅಂದಳು ಅಕ್ಕ ಬಾಗಿಲಿಂದಲೇ. ಆ ದನಿ ಕೇಳಿ ಎತ್ತುಗಳೂ ತಲೆಯೆತ್ತಿದವು. ಗೂಳಪ್ಪ ಕುರ್ಚಿಯ ಬಣ್ಣ ನೋಡಿದ, ಬೊಟ್ಟು ನೋಡಿದ, ನಗುತ್ತಾ ಪಕ್ಕಕ್ಕೆ ಸರಿದ. ಪಾರವ್ವ ಮುಖ ಸಣ್ಣದು ಮಾಡಿಕೊಂಡು ಕಾಲು ಇಳಿಸಿ ನಿಂತಳು.

ಅಕ್ಕ ಕಟ್ಟೆಯ ತನಕ ಬಂದಳು. ನಾನು ಎತ್ತಿ ಕೂರಿಸಲು ಬಗ್ಗಿದೆ. ನನ್ನ ಕೈ ಸರಿಸಿ, ಕಟ್ಟೆಯನ್ನು ಬಳಸಿಕೊಂಡು ಮುಂದೆ ಹೋದಳು, ರಾಶಿಗಳ ನಡುವಿನ ಓಣಿಗೇ. ಅಷ್ಟು ವರ್ಷ ಕಟ್ಟೆಯ ಮೇಲೆ ಕೂತವಳಿಗೆ ದಲಾಲಿಗಳು ಆರಿಸಿ ತಂದ ಕಾಯಿಯೇ ಕೈಗೆ ಬರುತ್ತಿತ್ತು. ಅವತ್ತು ಅವಳು ಮೂಲೆಯಲ್ಲಿದ್ದ ಒಂದು ಸಣ್ಣ ರಾಶಿಯ ಹತ್ತಿರ ಗಾಲಿ ನಿಲ್ಲಿಸಿ, ಮೊಣಕೈ ತನಕ ಕೈ ಇಳಿಸಿ, ಅಡಿಯಿಂದ ಒಂದು ಕಾಯಿ ತೆಗೆದು, ಮುರಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿದಳು.

‘ಒಂದನೇ ದರ್ಜೆ!’ ಅಂದಳು. ಆ ರಾಶಿಯ ಹೆಣ್ಣುಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕಾಯಿ ಎಂದೂ ಕಟ್ಟೆಯ ತನಕ ಬಂದಿರಲಿಲ್ಲ.

ಪಾರವ್ವ ಇನ್ನೂ ಕಟ್ಟೆಯ ಬದಿಯಲ್ಲೇ ನಿಂತಿದ್ದಳು. ಅಕ್ಕ ತಿರುಗಿ ನೋಡಿ ನಕ್ಕಳು.

‘ಕೂಡವ್ವ, ಕೂಡು. ಕಟ್ಟಿ ಇನ್ನ ನಿಂದ. ನನ್ನ ಕುರ್ಚಿ ನಾ ಹೋದಲ್ಲೆಲ್ಲಾ ಬರ್ತೈತಿ,’ ಅಂದಳು. ಗಾಲಿ ತಿರುಗಿಸಿ ಮುಂದಿನ ರಾಶಿಗೆ ಹೋದಳು.